ಬಿದಿರೋ ಗ್ರಾಫೈಟೋ? ಮೊದಲು ಹೊಳೆಯ ಅಗಲ ನೋಡಿ

ಹುಳ-ನೊಣದಂತೆ ಕಾಣುವ ಕೃತಕ ಕೊಕ್ಕೆಯಿಂದ ಮೀನು ಹಿಡಿಯುವ ಫ್ಲೈ ಫಿಶಿಂಗ್‌ನಲ್ಲಿ ಎಸೆಯುವುದು ಗಾಳವನ್ನಲ್ಲ, ಲೈನನ್ನು. ಗರಿ, ದಾರ, ಒಂದಿಷ್ಟು ತುಪ್ಪಳ ಸುತ್ತಿದ ಕೊಕ್ಕೆಗೆ ಹೇಳಿಕೊಳ್ಳುವಂಥ ತೂಕವೇ ಇರುವುದಿಲ್ಲ. ತೂಕವೆಲ್ಲ ಲೈನಿನದು. 5 ನಂಬರಿನ ಲೈನ್ ಅಂದರೆ ಅದರ ಮೊದಲ 30 ಅಡಿ 140 ಗ್ರೇನ್ ತೂಗಬೇಕು, ಗ್ರಾಂ ಲೆಕ್ಕದಲ್ಲಿ ಸುಮಾರು 9. ಕೋಲನ್ನು ಬಗ್ಗಿಸುವುದು ಈ 9 ಗ್ರಾಂ. ಬಗ್ಗಿದ ಕೋಲು ನೆಟ್ಟಗಾಗುವಾಗ ಲೈನ್ ಮುಂದಕ್ಕೆ ಹಾರುತ್ತದೆ.

ಹಾಗಾದರೆ ಮೀನು 15 ಅಡಿ ದೂರದಲ್ಲೇ ಇದ್ದರೆ? ಆಗ ಹೊರಗಿರುವುದು ಲೈನಿನ ತೆಳ್ಳಗಿನ ತುದಿಭಾಗ ಮಾತ್ರ, ಅರ್ಧ ತೂಕವೂ ಇಲ್ಲ. ಬಿರುಸಾದ ಗ್ರಾಫೈಟ್ ಕೋಲು, ಅಂದರೆ ಕಾರ್ಬನ್ ನಾರಿನ ಕೋಲು, ಅಷ್ಟಕ್ಕೆ ಬಗ್ಗುವುದಿಲ್ಲ. ಪೊರಕೆ ಬೀಸಿದ ಹಾಗಾಗುತ್ತದೆ. ಬಿದಿರಿನ ಕೋಲು ಬೀಸಿದಾಗ ತನ್ನ ಸ್ವಂತ ಭಾರದಿಂದಲೇ ಒಂದಿಷ್ಟು ಬಗ್ಗುತ್ತದೆ, ಹಾಗಾಗಿ ಹತ್ತಿರದ ಎಸೆತ ಸಲೀಸು. ಅದೇ ಭಾರ 60 ಅಡಿ ದೂರಕ್ಕೆ ಎಸೆಯಲು ಹೊರಟಾಗ ಹೊರೆಯಾಗುತ್ತದೆ: ಲೈನಿನ ಜೊತೆಗೆ ಕೋಲನ್ನೂ ನಿಲ್ಲಿಸಿ ತಿರುಗಿಸಬೇಕು, ಸಂಜೆಯ ಹೊತ್ತಿಗೆ ಮೊಣಕೈ ಮಾತಾಡುತ್ತದೆ. ಬಿದಿರಿಗೆ ಆತ್ಮ ಇದೆ, ಗ್ರಾಫೈಟ್‌ಗೆ ಇಲ್ಲ ಎನ್ನುವವರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆಯ್ಕೆ ನಿಂತಿರುವುದು ದೂರದ ಮೇಲೆ, ಕೊಕ್ಕೆಯ ತೂಕದ ಮೇಲೆ, ಗಾಳಿಯ ಮೇಲೆ.

ಅಂಕಿಯಲ್ಲಿ ಹೇಳುವುದಾದರೆ, 9 ಅಡಿಯ 5 ನಂಬರ್ (5 ನಂಬರಿನ ಲೈನಿಗೆ ಹೊಂದುವ) ಗ್ರಾಫೈಟ್ ಕೋಲು ಸಾಮಾನ್ಯವಾಗಿ 70ರಿಂದ 95 ಗ್ರಾಂ. ಅದಕ್ಕಿಂತ ಒಂದೂವರೆ ಅಡಿ ಗಿಡ್ಡವಾದ ಬಿದಿರಿನ ಕೋಲೇ 100 ಗ್ರಾಂ ದಾಟುತ್ತದೆ. 9 ಅಡಿಯ ಬಿದಿರಿನ ಕೋಲುಗಳೂ ಇವೆ, ಹಳೆಯವು ಬೇಕಾದಷ್ಟು ಸಿಗುತ್ತವೆ. ಅಗ್ಗಕ್ಕೆ ಸಿಗುವುದಕ್ಕೆ ಕಾರಣವೂ ಇದೇ ಭಾರ.

ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳನ್ನೇ ತೆಗೆದುಕೊಳ್ಳಿ. ನ್ಯೂಜೆರ್ಸಿಯ ಕನ್ನಡಿಗರಿಗೆ ಎರಡು ಮೂರು ಗಂಟೆಯ ದಾರಿ. ಬೀವರ್‌ಕಿಲ್, ವಿಲ್ಲೋವೀಮಾಕ್ ಹೊಳೆಗಳ ಮೇಲ್ಭಾಗದಲ್ಲಿ ಎರಡೂ ದಡದ ಮರಗಳು ಚಾಚಿಕೊಂಡಿರುತ್ತವೆ, ಟ್ರೌಟ್ ಮೀನು 20-30 ಅಡಿಯೊಳಗೇ ಇರುತ್ತದೆ, ಕೊಕ್ಕೆ ನೀರಿನ ಮೇಲೆ ತೇಲುವ 16 ನಂಬರಿನ ಪುಟ್ಟ ನೊಣ, ಅದಕ್ಕೆ ಕಟ್ಟಿದ ಕೊನೆಯ ದಾರ, ಅಂದರೆ ಟಿಪೆಟ್, ಕೂದಲಿನಷ್ಟು ಸಣ್ಣ. ಇಲ್ಲಿ 7 ಅಥವಾ 7½ ಅಡಿಯ, 4 ಇಲ್ಲವೇ 5 ನಂಬರಿನ ಬಿದಿರಿನ ಕೋಲಿಗೆ ಸಾಟಿ ಇಲ್ಲ. ಮೀನು ಹಠಾತ್ತನೆ ಜಗ್ಗಿದಾಗ ಕೋಲು ಮೆತ್ತಗೆ ಬಾಗಿ ಟಿಪೆಟ್ ಕಡಿಯದಂತೆ ಕಾಯುತ್ತದೆ. ಅಲ್ಲೇ ಸ್ವಲ್ಪ ದೂರದ ಡೆಲವೇರ್ ನದಿಯ ಪಶ್ಚಿಮ ಶಾಖೆಗೆ ಹೋದರೆ ನೀರು ಅಗಲ, ಗಾಳಿ ಎದುರು. ಅಲ್ಲಿಗೆ 9 ಅಡಿಯ ಗ್ರಾಫೈಟ್. ಟಂಗ್‌ಸ್ಟನ್ ಮಣಿ ಹಾಕಿದ ಭಾರದ ನಿಂಫ್ (ನೀರೊಳಗೆ ಮುಳುಗುವ ಹುಳದಂಥ ಕೊಕ್ಕೆ) ಎಸೆಯುವುದಿದ್ದರಂತೂ ಬಿದಿರನ್ನು ಮನೆಯಲ್ಲೇ ಬಿಡಿ.

ಹೊಸ ಬಿದಿರಿನ ಕೋಲಿನ ಬೆಲೆ ಏಕೆ ಅಷ್ಟು ಹೆಚ್ಚು ಎಂದು ಕೇಳುವವರು ಅದರ ತುದಿಯನ್ನು ಹತ್ತಿರದಿಂದ ನೋಡಬೇಕು. ಅದು ಇಡೀ ಬಿದಿರಲ್ಲ. ಆರು ತ್ರಿಕೋನ ಸೀಳುಗಳನ್ನು ಅಂಟಿಸಿ ಮಾಡಿದ ಆರು ಮೂಲೆಯ ಕಡ್ಡಿ. ತುದಿಯಲ್ಲಿ ಇಡೀ ಕಡ್ಡಿಯ ದಪ್ಪ 1.8 ಮಿಲಿಮೀಟರ್ ಆಸುಪಾಸು, ಅಂದರೆ ಒಂದೊಂದು ಸೀಳು 0.9 ಮಿ.ಮೀ. ಅದರ ಮೂರೂ ಕೋನ 60 ಡಿಗ್ರಿ ಇರಬೇಕು. ಉಕ್ಕಿನ ಅಚ್ಚಿನ ತೋಡಿನಲ್ಲಿ ಸೀಳನ್ನು ಇಟ್ಟು ಕೀಸುಳಿಯಿಂದ ಕೀಸುತ್ತಾರೆ. ಅಚ್ಚಿನ ಆಳವನ್ನು ಐದೈದು ಇಂಚಿಗೊಂದು ತಿರುಪಿನಿಂದ ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಹೊಂದಿಸಿರುತ್ತಾರೆ. ಕೀಸುವುದು ಎರಡು ಮೈ ಮಾತ್ರ, ಹೊರಮೈಯನ್ನು ಮುಟ್ಟುವಂತಿಲ್ಲ. ಬುಟ್ಟಿ ಹೆಣೆಯುವ ನಮ್ಮ ಮೇದಾರರನ್ನು ಕೇಳಿದರೂ ಹೇಳುತ್ತಾರೆ, ಬಿದಿರಿನ ಬಲವೆಲ್ಲ ಸಿಪ್ಪೆಯ ಕೆಳಗಿನ ನಾರಿನಲ್ಲಿ, ಒಳಗಿನದು ಬರೀ ತಿರುಳು. ಗಿಣ್ಣುಗಳು ಒಂದೇ ಕಡೆ ಬಾರದಂತೆ ಸೀಳುಗಳನ್ನು ಹಿಂದೆ ಮುಂದೆ ಜರುಗಿಸಿ ಜೋಡಿಸುತ್ತಾರೆ, ಇಲ್ಲದಿದ್ದರೆ ಅಲ್ಲೇ ಮುರಿಯುತ್ತದೆ. ಕಾಯಿಸಿ, ಅಂಟಿಸಿ, ವಾರ್ನಿಶ್ ಬಳಿದು ಮುಗಿಸಲು 40-50 ಗಂಟೆ ಕೈಕೆಲಸ ಹಿಡಿಯುತ್ತದೆ.

ಹತ್ತೊಂಬತ್ತನೇ ಶತಮಾನದ ಅಮೆರಿಕದ ಕುಶಲಕರ್ಮಿಗಳು ಇದಕ್ಕೆ ಬಳಸುತ್ತಿದ್ದುದು ನಮ್ಮ ದೇಶದ್ದೇ ಬಿದಿರು, ಕಲ್ಕತ್ತಾ ಬಂದರಿನಿಂದ ಹೋಗುತ್ತಿದ್ದುದರಿಂದ ಕಲ್ಕತ್ತಾ ಕೇನ್ ಎಂದು ಹೆಸರು. ಆಮೇಲೆ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಬಿದಿರು ಅದರ ಜಾಗ ಹಿಡಿಯಿತು. ನಾರು ದಟ್ಟ, ಗಿಣ್ಣು ದೂರ ದೂರ, ಕಾಂಡ ನೆಟ್ಟಗೆ. ಬೆಳೆಯುವುದು ಚೀನಾದಲ್ಲಿ, ಹೆಸರು ಮಾತ್ರ ವಿಯೆಟ್ನಾಂ ಕಡೆಯ ಟಾಂಕಿನ್. 1950ರಲ್ಲಿ ಅಮೆರಿಕ ಚೀನಾದ ಜೊತೆ ವ್ಯಾಪಾರ ನಿಲ್ಲಿಸಿದಾಗ ಬಿದಿರೂ ನಿಂತಿತು, ಆ ಸಂದಿಯಲ್ಲಿ ಫೈಬರ್‌ಗ್ಲಾಸ್ ಕೋಲುಗಳು ಅಂಗಡಿ ತುಂಬಿದವು. 1971ರಲ್ಲಿ ನಿರ್ಬಂಧ ತೆರವಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ, 1973ರಲ್ಲಿ, ಫೆನ್‌ವಿಕ್ ಕಂಪನಿ ಗ್ರಾಫೈಟ್ ಕೋಲು ತಂದಿತು.

ಗ್ರಾಫೈಟ್ ಮಾಡುವ ರೀತಿ ಸರಳ. ರಾಳ ತುಂಬಿದ ಕಾರ್ಬನ್ ನಾರಿನ ಹಾಳೆಯನ್ನು ಮೊನಚಾದ ಉಕ್ಕಿನ ಸರಳಿಗೆ ಸುತ್ತಿ, ಮೇಲೆ ಟೇಪ್ ಬಿಗಿದು, ಒಲೆಯಲ್ಲಿ ಬೇಯಿಸಿ, ಸರಳನ್ನು ಎಳೆದು ತೆಗೆದರೆ ಉಳಿಯುವುದು ಟೊಳ್ಳು ಕೊಳವೆ. ಕೋಲಿನ ಮೇಲೆ ಬರೆದಿರುವ ಐಎಂ6, ಐಎಂ8 ನೋಡಿ ಮರುಳಾಗಬೇಡಿ. ಅವು ಒಂದು ನಾರು ತಯಾರಿಕೆಯವರ ಉತ್ಪನ್ನಗಳ ಹೆಸರು, ಗುಣಮಟ್ಟದ ದರ್ಜೆಯಲ್ಲ. ನಾರು ಬಿರುಸಾದಷ್ಟೂ ಕೊಳವೆಯ ಗೋಡೆ ತೆಳುವಾಗುತ್ತದೆ, ಪೆಟ್ಟು ತಾಳುವ ಶಕ್ತಿ ಕುಗ್ಗುತ್ತದೆ.

ಗ್ರಾಫೈಟ್ ಕೋಲು ಮೀನಿನಿಂದ ಮುರಿಯುವುದು ಅಪರೂಪ. ಕಾರಿನ ಬಾಗಿಲು ಮತ್ತು ಸೀಲಿಂಗ್ ಫ್ಯಾನ್ ಮುರಿದಷ್ಟು ಮೀನು ಮುರಿದಿಲ್ಲ. ಇನ್ನೊಂದು ಕಣ್ಣಿಗೆ ಕಾಣದ ಕಾರಣ: ಸೀಸದ ಕಣ್ಣಿನ ಕೊಕ್ಕೆ ಎಸೆಯುವಾಗ ಕೋಲಿಗೆ ಟಪ್ ಎಂದು ಬಡಿಯುತ್ತದೆ, ನಾರು ಒಳಗೇ ಜಜ್ಜುತ್ತದೆ, ತಿಂಗಳ ಮೇಲೆ ಅಂಗೈಯಗಲದ ಮೀನಿಗೆ ಕೋಲು ಎರಡಾಗುತ್ತದೆ. ಮೀನನ್ನು ಕಾಲ ಬಳಿ ತಂದಾಗ ಕೋಲನ್ನು ತಲೆಯ ಹಿಂದಕ್ಕೆ ಎತ್ತಿದರೂ ಅಷ್ಟೇ, ಬಾಗೆಲ್ಲ ತುದಿಯ ಒಂದೆರಡು ಗೇಣಿಗೆ ಬೀಳುತ್ತದೆ. ತುಂಡುಗಳನ್ನು ಕಾಲುಸುತ್ತು ಓರೆಯಾಗಿ ಸೇರಿಸಿ, ಒತ್ತುತ್ತ ತಿರುಗಿಸಿ ನೇರ ಮಾಡಿ. ಅರ್ಧ ದಿನಕ್ಕೊಮ್ಮೆ ಸಡಿಲವಾಗಿದೆಯೇ ನೋಡಿ. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಗುಡುಗು ಕೇಳಿಸಿದೊಡನೆ ಕೋಲು ಕೆಳಗಿಡಿ, ವಿದ್ಯುತ್ ತಂತಿಯ ಅಡಿಯಲ್ಲಿ ಎತ್ತಿ ಹಿಡಿದು ನಡೆಯಬೇಡಿ.

ಬಿದಿರಿನ ಕಾಯಿಲೆ ಬೇರೆ. ಒದ್ದೆ ಕೋಲನ್ನು ಕೊಳವೆಪೆಟ್ಟಿಗೆಗೆ ತುರುಕಿದರೆ ವಾರ್ನಿಶ್ ಗುಳ್ಳೆ ಏಳುತ್ತದೆ, ತೇವ ಒಳಗಿಳಿದರೆ ಅಂಟು ಬಿಡುತ್ತದೆ. ಬಟ್ಟೆಯಿಂದ ಒರೆಸಿ, ಒಂದು ರಾತ್ರಿ ಹೊರಗೆ ಒಣಗಿಸಿ, ಆಮೇಲೆ ಒಳಗಿಡಿ. ಗೋಡೆಗೆ ಒರಗಿಸಿದರೆ ಸೊಟ್ಟಗಾಗುತ್ತದೆ. ಪ್ರತಿ ಮೀನನ್ನೂ ಒಂದೇ ಮಗ್ಗುಲಲ್ಲಿ ಆಡಿಸಿದರೂ ಸೊಟ್ಟ. ಅದಕ್ಕೇ ನಡುವೆ ಕೋಲನ್ನು ತಿರುಗಿಸಿ ಗೈಡುಗಳು, ಅಂದರೆ ಲೈನ್ ಹಾದುಹೋಗುವ ಉಂಗುರಗಳು, ಮೇಲ್ಮುಖವಾಗುವಂತೆ ಹಿಡಿಯುತ್ತಾರೆ. ತುಂಡುಗಳನ್ನು ಸೇರಿಸುವ ಲೋಹದ ಫೆರೂಲನ್ನು ಎಂದಿಗೂ ತಿರುಚಬೇಡಿ, ನೇರ ಒತ್ತಿ, ನೇರ ಎಳೆಯಿರಿ. ಬಿಗಿಯಾಗಿದ್ದರೆ ಕೋಲನ್ನು ಮಂಡಿಗಳ ಹಿಂದೆ ಹಿಡಿದು, ಕೈಗಳು ಮಂಡಿಯ ಹೊರಗಿರಲಿ, ಮಂಡಿಗಳನ್ನು ನಿಧಾನ ಅಗಲಿಸಿ. ಕೈ ಜಾರಿ ಜಗ್ಗುವ ಭಯ ಇರುವುದಿಲ್ಲ.

ಹಳೆಯ ಬಿದಿರಿನ ಕೋಲು ಕೊಳ್ಳುವಾಗ ಮೊದಲು ತುಂಡುಗಳನ್ನು ಪಕ್ಕಪಕ್ಕ ನಿಲ್ಲಿಸಿ. ಬಹುತೇಕ ಕೋಲುಗಳಲ್ಲಿ ಎಲ್ಲ ತುಂಡೂ ಒಂದೇ ಉದ್ದ. ತುದಿಯ ತುಂಡು ಎರಡಿಂಚು ಗಿಡ್ಡವಿದ್ದರೆ ಅದು ಎಂದೋ ಮುರಿದಿದೆ, ಎಸೆತದ ಗುಣವೂ ಕೆಟ್ಟಿದೆ. ಫೆರೂಲ್ ಬಿಚ್ಚುವಾಗ ಬಾಟಲಿಯ ಬಿರಡೆ ತೆಗೆದಂತೆ ಪಕ್ ಎನ್ನಬೇಕು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿ. ಟಿಕ್ ಟಿಕ್ ಸದ್ದು ಬಂದರೆ ಫೆರೂಲ್ ಸಡಿಲ ಅಥವಾ ಸೀಳು ಬಿಟ್ಟಿದೆ. ಸ್ವಲ್ಪ ಸೊಟ್ಟ ಇದ್ದರೆ ಹೆದರಬೇಡಿ, ಅದನ್ನು ತಿಳಿದವರು ಹದವಾಗಿ ಕಾಯಿಸಿ ನೇರ ಮಾಡುತ್ತಾರೆ.

ವಿಮಾನದಲ್ಲಿ ಓಡಾಡುವವರಿಗೆ ಇನ್ನೊಂದು ಲೆಕ್ಕ. ನಾಲ್ಕು ತುಂಡಿನ 9 ಅಡಿ ಗ್ರಾಫೈಟ್‌ನ ಪೆಟ್ಟಿಗೆ ಸುಮಾರು 30 ಇಂಚು. ಎರಡು ತುಂಡಿನ 7½ ಅಡಿ ಬಿದಿರಿನದು 46 ಇಂಚು ದಾಟುತ್ತದೆ. ನಮ್ಮ ಕಾವೇರಿಯ ಬಿಳಿಮೀನಿನ (ಮಹಶೀರ್) ಕನಸಿದ್ದವರಿಗಂತೂ ಬಿದಿರಿನ ಮಾತೇ ಬೇಡ: ಕಲ್ಲುಬಂಡೆಗಳ ನಡುವಿನ ರಭಸದ ನೀರಿಗೆ 9 ಅಥವಾ 10 ನಂಬರಿನ ಗ್ರಾಫೈಟ್ ಬೇಕು, ಅದಕ್ಕೂ ಮೊದಲು ಅನುಮತಿ ಬೇಕು. ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ.

ಇನ್ನೂ ಒಂದೂ ಕೋಲಿಲ್ಲದವರು ನಡುವಣ ಬಿರುಸಿನ, 8½ ಅಥವಾ 9 ಅಡಿಯ 5 ನಂಬರ್ ಗ್ರಾಫೈಟ್ ಕೊಳ್ಳಿ. 150-200 ಡಾಲರಿನದು ಧಾರಾಳ ಸಾಕು. ಬಿದಿರು ಎರಡನೆಯ ಕೋಲು. ಅದನ್ನು ಕೊಳ್ಳುವ ಮುಂಚೆ ನಿಮ್ಮದೇ ರೀಲು, ಲೈನ್ ತೆಗೆದುಕೊಂಡು ಹೋಗಿ. ಬಿದಿರಿಗೆ ಎರಡೂ ತುದಿ ಸಣ್ಣಗಾಗುವ ಡಬಲ್ ಟೇಪರ್ ಲೈನ್ ಒಳ್ಳೆಯದು. ಹುಲ್ಲಿನ ಮೇಲೆ ನಿಂತು, ಕೊಕ್ಕೆಯ ಬದಲು ಲೀಡರಿಗೆ (ಲೈನಿನ ತುದಿಗೆ ಕಟ್ಟುವ ಸಣ್ಣ ದಾರಕ್ಕೆ) ಉಣ್ಣೆಯ ಎಳೆ ಕಟ್ಟಿ, ಮೊದಲು 20 ಅಡಿ, ಆಮೇಲೆ 30, ಆಮೇಲೆ 50 ಎಸೆದು ನೋಡಿ. ಲೈನ್ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಗ್ರಾಫೈಟ್‌ಗೆ ಕಾಯುವುದಕ್ಕಿಂತ ಇಲ್ಲಿ ಒಂದು ಉಸಿರು ಹೆಚ್ಚು ಬೇಕು. ಅವಸರ ಮಾಡಿದರೆ ಉಣ್ಣೆಯ ಎಳೆ ನಿಮ್ಮ ಟೋಪಿಗೇ ಬಂದು ಬೀಳುತ್ತದೆ.