ರಿಪೋರ್ಟ್‌ನಲ್ಲಿ ಯಾವ ಜೀನ್ ನೋಡಿದ್ದಾರೆ?

ಮಕ್ಕಳ ಕ್ಯಾನ್ಸರ್ ವಿಭಾಗದ ಫಾರ್ಮಸಿಯಲ್ಲಿ ನನ್ನ ಕೆಲಸ. ಇಲ್ಲಿಗೆ ಜಾಸ್ತಿ ಬರುವುದು ಎಎಲ್ಎಲ್ ಎಂಬ ರಕ್ತ ಕ್ಯಾನ್ಸರ್‌ನ ಮಕ್ಕಳು. ಜೋರು ಕೀಮೋ ಮುಗಿದ ಮೇಲೆ ಮೆಂಟೆನೆನ್ಸ್, ಅಂದರೆ ರೋಗ ಮರಳದಂತೆ ಕೊಡುವ ಚಿಕಿತ್ಸೆ, ಶುರುವಾಗುತ್ತದೆ: ದಿನಾ ರಾತ್ರಿ 6-ಎಂಪಿ (ಮರ್ಕಾಪ್ಟೊಪ್ಯೂರಿನ್) ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿ. ಮನೆಯಲ್ಲೇ ನುಂಗುವ ಔಷಧಿ ಅಂತ ಅಪ್ಪ ಅಮ್ಮ ನಿರಾಳ. ನಮಗೆ ಹುಷಾರಾಗಿರಬೇಕಾದ ಕಾಲ ಇದೇ.

6-ಎಂಪಿ ದೇಹದಲ್ಲಿ ರೂಪ ಬದಲಿಸಿ ಕೋಶದ ಡಿಎನ್‌ಎ ಒಳಗೆ ಸೇರಿಕೊಂಡು ಅದನ್ನು ಕೊಲ್ಲುತ್ತದೆ. ಅದು ಅತಿಯಾಗದ ಹಾಗೆ ನೋಡಿಕೊಳ್ಳಲು ಎರಡು ಕಿಣ್ವಗಳಿವೆ, ಟಿಪಿಎಂಟಿ ಮತ್ತು ಎನ್‌ಯುಡಿಟಿ15. ಯಾವುದಾದರೂ ಒಂದರ ಜೀನ್ ಕೈಕೊಟ್ಟರೆ ಮಾಮೂಲಿ ಡೋಸ್‌ಗೇ ಬಿಳಿ ರಕ್ತಕಣ ನೆಲ ಕಚ್ಚುತ್ತವೆ. ಟಿಪಿಎಂಟಿ ದೋಷ ಯೂರೋಪಿನವರಲ್ಲಿ ಜಾಸ್ತಿ, ಹಾಗಾಗಿ ಟೆಸ್ಟ್ ಮೊದಲು ಬಂದದ್ದೂ ಅದಕ್ಕೇ. ಎನ್‌ಯುಡಿಟಿ15ರ ಪಾತ್ರ ಗೊತ್ತಾಗಿದ್ದು 2014ರಲ್ಲಿ, ಕೊರಿಯಾದ ಕರುಳಿನ ಕಾಯಿಲೆಯ ರೋಗಿಗಳಿಂದ. ನಮ್ಮವರಿಗೆ ಜಾಸ್ತಿ ಕಾಡುವುದು ಈ ಎರಡನೆಯದೇ.

ಒಬ್ಬ ತಂದೆ ಬಂದು "ಜೀನ್ ಟೆಸ್ಟ್ ನಾರ್ಮಲ್ ಇದೆ, ಆದ್ರೂ ಕೌಂಟ್ ಏರ್ತಾನೇ ಇಲ್ಲ" ಅಂದರು. ಕೌಂಟ್ ಅಂದರೆ ಬಿಳಿ ರಕ್ತಕಣಗಳ ಸಂಖ್ಯೆ. ಮಡಚಿದ ರಿಪೋರ್ಟ್ ಬಿಚ್ಚಿ ನೋಡಿದರೆ ಅದರಲ್ಲಿದ್ದದ್ದು ಟಿಪಿಎಂಟಿ ಒಂದೇ. ಡಾಕ್ಟರಿಗೆ ಹೇಳಿದೆ. ಇನ್ನೊಂದನ್ನೂ ಮಾಡಿಸಿದಾಗ ಎನ್‌ಯುಡಿಟಿ15ರ ಎರಡೂ ಪ್ರತಿಗಳಲ್ಲಿ ದೋಷ ಕಂಡಿತು.

ಇಂಥವರಿಗೆ ಶುರುವಿನ ಡೋಸ್ ಮೈಯ ಹೊರಮೈ ವಿಸ್ತೀರ್ಣದ ಪ್ರತಿ ಚದರ ಮೀಟರ್‌ಗೆ ದಿನಕ್ಕೆ 10 ಮಿಲಿಗ್ರಾಂ ಅಷ್ಟೇ. ಬೇರೆ ಮಕ್ಕಳಿಗೆ ಅದು 75ರವರೆಗೂ ಇರುತ್ತದೆ. ಮಗುವಿನ ಮೈ ಅಳತೆ 0.7 ಚದರ ಮೀಟರ್ ಅಂದುಕೊಳ್ಳಿ. ದಿನಕ್ಕೆ 7 ಮಿಲಿಗ್ರಾಂ, ವಾರಕ್ಕೆ 49. ನಮ್ಮ ಮಾತ್ರೆ 50 ಮಿಲಿಗ್ರಾಂನದು. ಅಂದರೆ ಉಳಿದವರು ದಿನಕ್ಕೊಂದು ನುಂಗುವ ಮಾತ್ರೆ ಈ ಮಗುವಿಗೆ ಇಡೀ ವಾರಕ್ಕೆ!

"ಇಷ್ಟರಲ್ಲಿ ರೋಗ ಹೋಗುತ್ತಾ ಮೇಡಂ?" ಅಂತ ಅಪ್ಪ ಅಮ್ಮ ಕೇಳುತ್ತಾರೆ. ನಿಜವಾದ ಕಷ್ಟ ಇದೇ, ಟೆಸ್ಟ್ ಅಲ್ಲ. ಪಕ್ಕದ ಬೆಡ್ಡಿನ ಮಗುವಿನ ಸ್ಟ್ರಿಪ್ ನೋಡಿ ಮನೆಯಲ್ಲಿ ಸುಮ್ನೆ ಒಂದು ಜಾಸ್ತಿ ಕೊಟ್ಟುಬಿಡುವವರಿದ್ದಾರೆ. ನಾನು ಕೌಂಟ್ ಶೀಟ್ ತೋರಿಸುತ್ತೇನೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ರಿಂದ 1500ರ ನಡುವೆ ನಿಂತರೆ ಔಷಧಿ ತನ್ನ ಕೆಲಸ ಮಾಡುತ್ತಿದೆ ಅಂತಲೇ ಲೆಕ್ಕ. ವಾರದ ಡೋಸ್ ಕೆಲವೇ ದಿನಗಳಿಗೆ ಹಂಚಿದಾಗ ಕ್ಯಾಲೆಂಡರ್‌ನಲ್ಲಿ ಮಾತ್ರೆಯ ದಿನಗಳಿಗೆ ಕೆಂಪು ಸುತ್ತು ಹಾಕಿ ಕೊಡುತ್ತೇನೆ, ಉಳಿದ ದಿನ ಡಬ್ಬಿ ಮುಟ್ಟಬೇಡಿ ಅನ್ನುತ್ತೇನೆ.

ಮೊದಲ ಸ್ಟ್ರಿಪ್ ಕೊಡುವ ಮುಂಚೆ ಈಗ ಎರಡೂ ಜೀನ್‌ಗಳ ಹೆಸರು ರಿಪೋರ್ಟ್‌ನಲ್ಲಿ ಹುಡುಕುತ್ತೇನೆ. ಫಲಿತಾಂಶವನ್ನು ಫೈಲಿನ ಮೇಲೇ ಬರೆಯುತ್ತೇನೆ. ಜೀನ್ ಬದಲಾಗುವುದಿಲ್ಲ ಅಲ್ವಾ? ಮುಂದೆ ಎಂದಾದರೂ ಬೇರೆ ಕಾಯಿಲೆಗೆ ಅಜಥಯೊಪ್ರಿನ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ) ಬರೆದರೆ, ಅದೂ ದೇಹದಲ್ಲಿ 6-ಎಂಪಿಯೇ ಆಗುತ್ತದೆ. ಆಗ ಆ ಡಾಕ್ಟರಿಗೂ ಇದು ಕಾಣಬೇಕು.