ಮುಳುಗುವ ರೇಸಿಂಗ್ ಟೀಮನ್ನು ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ

ನಾನು ಫಾರ್ಮುಲಾ ಒನ್ ನೋಡುವವನು ಅಂತ ಗೊತ್ತಾದರೆ ಸಾಕು, ಜನ ಕೇಳುವುದು ಒಂದೇ ಪ್ರಶ್ನೆ. "ಆ ಮಲ್ಯನ ಟೀಮ್ ಮುಳುಗಿತ್ತಲ್ವಾ? ಅಂಥದ್ದನ್ನ ದುಡ್ಡು ಕೊಟ್ಟು ಯಾರಪ್ಪಾ ಕೊಂಡ್ರು? ಅವರಿಗೇನು ತಲೆ ಕೆಟ್ಟಿತ್ತಾ?" ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳುತ್ತಾರೆ. ಎಲೆಗೆ ಸಾರು ಬೀಳುವಷ್ಟರಲ್ಲಿ ಉತ್ತರ ಮುಗಿಯಬೇಕು. ಇಲ್ಲದಿದ್ದರೆ ಮಾತು ಚಿನ್ನದ ರೇಟಿನ ಕಡೆಗೆ ಹೋಗಿರುತ್ತದೆ. ಹಾಗಾಗಿ ಪೂರ್ತಿ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೊಂಡವರಿಗೆ ತಲೆ ಕೆಟ್ಟಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಆ ಟೀಮನ್ನು, ಅಂದರೆ ಫೋರ್ಸ್ ಇಂಡಿಯಾವನ್ನು, ಕೊಂಡದ್ದು ಕೆನಡಾದ ಲಾರೆನ್ಸ್ ಸ್ಟ್ರೋಲ್ ಮತ್ತು ಅವರ ಜೊತೆಗಾರರು. ಟಾಮಿ ಹಿಲ್ಫಿಗರ್, ಮೈಕೆಲ್ ಕೋರ್ಸ್ ಬ್ರ್ಯಾಂಡ್‌ಗಳಿಂದ ದುಡ್ಡು ಮಾಡಿದ ಮನುಷ್ಯ. ವ್ಯಾಪಾರದಲ್ಲಿ ಪಳಗಿದವರು ಸುಮಾರು 9 ಕೋಟಿ ಪೌಂಡನ್ನು ಸುಮ್ನೆ ಎಸೆಯುವುದಿಲ್ಲ. ಅವರು ಕೊಂಡ ಟೀಮ್ ಹಿಂದಿನ ಎರಡು ವರ್ಷವೂ, 2016 ಮತ್ತು 2017ರಲ್ಲಿ, ನಾಲ್ಕನೇ ಸ್ಥಾನ ಪಡೆದಿತ್ತು. ಮರ್ಸಿಡಿಸ್, ಫೆರಾರಿ, ರೆಡ್ ಬುಲ್ ಬಿಟ್ಟರೆ ನಂತರದ ಟೀಮ್ ಇದೇ. ಆ ಮೂವರಿಗೆ ಇದ್ದ ದುಡ್ಡಿನ ಒಂದು ಸಣ್ಣ ಪಾಲು ಮಾತ್ರ ಇವರ ಕೈಯಲ್ಲಿತ್ತು. ಕಂಪನಿ ಸಾಲದಲ್ಲಿತ್ತು, ನಿಜ. ಕಾರು ಮಾತ್ರ ಚೆನ್ನಾಗಿಯೇ ಓಡುತ್ತಿತ್ತು.

ಹೆಸರಾದ ಒಂದು ಹೋಟೆಲ್ ಮಾಲೀಕನ ಸಾಲದಿಂದ ಬಾಗಿಲು ಹಾಕುವ ಹಂತಕ್ಕೆ ಬಂದಿದೆ ಅಂದುಕೊಳ್ಳಿ. ಕೊಳ್ಳಲು ಬಂದವನು ಏನು ನೋಡುತ್ತಾನೆ? ಭಟ್ಟರು ಇನ್ನೂ ಇದ್ದಾರಾ, ಲೈಸೆನ್ಸ್ ಇದೆಯಾ, ಬೆಳಿಗ್ಗೆ ಜನ ಬಂದು ಕೂರುತ್ತಾರಾ, ಅಷ್ಟೇ. ಟೀಮಿನ ಫ್ಯಾಕ್ಟರಿ ಇದ್ದ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಈ ಮೂರೂ ಇತ್ತು. ಲೈಸೆನ್ಸ್ ಅಂದರೆ ಇಲ್ಲಿ ಎಫ್1ನಲ್ಲಿ, ಅಂದರೆ ಫಾರ್ಮುಲಾ ಒನ್‌ನಲ್ಲಿ, ಓಡುವ ಜಾಗ. ಆಗ ಇದ್ದದ್ದು ಹತ್ತೇ ಟೀಮ್. ಹೊಸದಾಗಿ ಒಂದನ್ನು ಶುರು ಮಾಡುವುದು ಎಷ್ಟು ಕಷ್ಟ ಅನ್ನುವುದಕ್ಕೆ 2010ರಲ್ಲಿ ಒಟ್ಟಿಗೆ ಬಂದ ಮೂರು ಟೀಮ್‌ಗಳನ್ನು ನೋಡಿ. ಹೆಸರು ಬದಲಿಸಿ, ಮಾಲೀಕರನ್ನು ಬದಲಿಸಿ ಎಷ್ಟೇ ಒದ್ದಾಡಿದರೂ 2017ರ ಹೊತ್ತಿಗೆ ಮೂರೂ ಕಣ್ಮರೆಯಾಗಿದ್ದವು.

ಇಲ್ಲಿಗೆ ಕೇಳಿದ್ದಕ್ಕೆ ಉತ್ತರ ಮುಗಿಯಿತು. ಆದರೆ ನನಗೆ ಸಿಟ್ಟು ಬರುವುದು ಪ್ರಶ್ನೆಯಲ್ಲಿರುವ "ಮಲ್ಯನ ಟೀಮ್" ಅನ್ನುವ ಮಾತಿಗೆ.

ಒಮ್ಮೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ಸೋದರಮಾವ ಸಿಕ್ಕಿದರು. ಬ್ಯಾಂಕಿನಲ್ಲಿ ದುಡಿದು ರಿಟೈರ್ ಆದವರು. ನಾನು ಯಾರಿಗೋ ಹಳೆಯ ರೇಸಿನ ಕಥೆ ಹೇಳುತ್ತಿದ್ದೆ. ಮಧ್ಯದಲ್ಲಿ ತಡೆದು, "ಅದು ನಮ್ಮ ಬ್ಯಾಂಕುಗಳ ದುಡ್ಡು ಕಣೋ. ಅದರಲ್ಲಿ ಓಡಿದ ಕಾರಿಗೆ ಚಪ್ಪಾಳೆ ಹೊಡೀತೀಯಲ್ಲ, ನಾಚಿಕೆ ಆಗಲ್ವಾ?" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. "ಮಾವ, ನೀವು ಕೂತ್ಕೊಳ್ಳಿ, ಹೇಳ್ತೀನಿ" ಅಂದೆ. ಅವರು ಕೈ ತೊಳೆಯಲು ಎದ್ದು ಹೋದರು.

ಮಾವನ ಸಿಟ್ಟು ನ್ಯಾಯವಾದದ್ದೇ. ಕಿಂಗ್‌ಫಿಷರ್ ಏರ್‌ಲೈನ್ಸ್‌ಗೆ ಬ್ಯಾಂಕುಗಳು ಕೊಟ್ಟ ಸಾವಿರಾರು ಕೋಟಿ ಸಾಲ ಕೆಟ್ಟಿತು. ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟರು. ಆ ಸಾಲದ ದುಡ್ಡು ರೇಸಿಂಗ್ ಟೀಮಿಗೂ ಹೋಗಿದೆ ಎಂದು ಜಾರಿ ನಿರ್ದೇಶನಾಲಯ ಆರೋಪಿಸಿದೆ. ಅದನ್ನು ಕೋರ್ಟು ತೀರ್ಮಾನಿಸಬೇಕು, ತೀರ್ಮಾನಿಸಲಿ. ಮಾಲೀಕರ ಪರವಾಗಿ ವಾದಿಸುವ ಆಸೆ ನನಗೆ ಯಾವತ್ತೂ ಇರಲಿಲ್ಲ. ನಾನು ಚಪ್ಪಾಳೆ ಹೊಡೆದದ್ದು ಕಾರು ಕಟ್ಟಿದವರಿಗೆ. ಅವರ ಕಥೆ ಮಲ್ಯ ಬರುವ ಎಷ್ಟೋ ವರ್ಷ ಮೊದಲೇ ಶುರುವಾಗಿತ್ತು.

ಎಡ್ಡಿ ಜೋರ್ಡನ್ 1991ರಲ್ಲಿ ಎಫ್1ಗೆ ತಂದ ಟೀಮ್ ಅದು. ಮೈಕೆಲ್ ಶೂಮಾಕರ್ ತನ್ನ ಮೊದಲ ಎಫ್1 ರೇಸ್ ಓಡಿಸಿದ್ದು ಅವರ ಹಸಿರು ಕಾರಿನಲ್ಲೇ. 2005ರಲ್ಲಿ ಮಿಡ್‌ಲ್ಯಾಂಡ್ ಗ್ರೂಪ್ ಕೊಂಡಿತು. 2006ರಲ್ಲಿ ಡಚ್ ಕಾರು ಕಂಪನಿ ಸ್ಪೈಕರ್ ಕೊಂಡಿತು. 2007ರಲ್ಲಿ ಮಲ್ಯ ಮತ್ತು ನೆದರ್ಲೆಂಡ್ಸ್‌ನ ಮಿಷಿಯಲ್ ಮೋಲ್ ಸೇರಿ 8.8 ಕೋಟಿ ಯೂರೋಗೆ ಕೊಂಡರು. 2011ರ ಅಕ್ಟೋಬರ್‌ನಲ್ಲಿ ಸಹಾರಾ 10 ಕೋಟಿ ಡಾಲರ್ ಹಾಕಿ ಶೇ. 42.5ರಷ್ಟು ಪಾಲು ತೆಗೆದುಕೊಂಡಿತು. ಆಮೇಲೆ ಸ್ಟ್ರೋಲ್. ಇಷ್ಟೆಲ್ಲ ಆದರೂ ಕೆಲಸ ನಡೆದದ್ದು ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಪಕ್ಕದ ಅದೇ ಜಾಗದಲ್ಲಿ. ಆಂಡಿ ಸ್ಟೀವನ್ಸನ್ ಅನ್ನುವವರು 1987ರಲ್ಲಿ, ಟೀಮ್ ಇನ್ನೂ ಎಫ್1ಗೆ ಬರುವ ಮೊದಲೇ, ಮೆಕ್ಯಾನಿಕ್ ಆಗಿ ಸೇರಿದರು. ಮಾಲೀಕರು ಒಬ್ಬೊಬ್ಬರಾಗಿ ಬಂದು ಹೋದರು, ಅವರು ಅಲ್ಲೇ ಇದ್ದರು. ಮುಂದೆ ಅದೇ ಟೀಮಿನ ಸ್ಪೋರ್ಟಿಂಗ್ ಡೈರೆಕ್ಟರ್ ಆದರು. ಜೋರ್ಡನ್‌ನ ಮೊದಲ ಎಫ್1 ಕಾರಿನ ಮೇಲೆ ಕೆಲಸ ಮಾಡಿದ್ದ ಆಂಡ್ರ್ಯೂ ಗ್ರೀನ್ 2018ರಲ್ಲಿ ಅಲ್ಲೇ ಟೆಕ್ನಿಕಲ್ ಡೈರೆಕ್ಟರ್. ಹಾಗಿರುವಾಗ ಅದನ್ನು ಹೇಗೆ ಒಬ್ಬ ಮಾಲೀಕನ ಹೆಸರಿಗೆ ಬರೆದುಕೊಡಲಿ?

ಬೆಂಗಳೂರಿನವರಿಗೆ ಆ ಟೀಮಿನ ಮೇಲೆ ಪ್ರೀತಿ ಇದ್ದದ್ದು ಸಹಜ. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಟೀಮಿನ ಡ್ರೈವರ್ ಫಿಸಿಕೆಲ್ಲಾ ಪೋಲ್ ಪೊಸಿಷನ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಶುರು ಮಾಡುವ ಜಾಗ, ತೆಗೆದುಕೊಂಡು, ರೇಸಿನಲ್ಲಿ ಎರಡನೆಯವರಾಗಿ ಬಂದರು. ಅದಕ್ಕೂ ಮೊದಲು ಫೋರ್ಸ್ ಇಂಡಿಯಾಗೆ ಒಂದೇ ಒಂದು ಪಾಯಿಂಟ್ ಸಿಕ್ಕಿರಲಿಲ್ಲ! ಟೀಮ್ 2011ರಲ್ಲಿ ದೇಶದಲ್ಲೆಲ್ಲ ಹುಡುಕಿ ಆರಿಸಿದ ಮೂವರು ಕಾರ್ಟಿಂಗ್ (ಪುಟ್ಟ ಕಾರುಗಳ ರೇಸ್) ಹುಡುಗರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿಯೂ ಒಬ್ಬ. ಇದೆಲ್ಲ ಮಾವನಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಆದರೆ ಬ್ಯಾಂಕಿನಲ್ಲಿದ್ದ ಮಾವ ನನಗೆ ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಊಟ ಬಿಟ್ಟು ಉತ್ತರ ಕೊಡುತ್ತಿದ್ದೆ. ಒಬ್ಬನೇ ಮಾಲೀಕನ ಎರಡು ಕಂಪನಿ. ಎರಡೂ ಸಾಲಕ್ಕೆ ಸಿಕ್ಕವು. ರೇಸಿಂಗ್ ಟೀಮಿಗೆ ಕೊಳ್ಳುವವರು ಪೈಪೋಟಿ ಮೇಲೆ ಬಂದರು. ಬೆಂಗಳೂರಿನ ವಿಮಾನ ಕಂಪನಿಗೆ ಯಾರೂ ಬರಲಿಲ್ಲ. ಯಾಕೆ?

ಕಿಂಗ್‌ಫಿಷರ್‌ನ ಇಂಜಿನಿಯರ್‌ಗಳು, ಪೈಲಟ್‌ಗಳು ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದರು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು, ವರ್ಷದ ಕೊನೆಗೆ ಲೈಸೆನ್ಸ್ ಮುಗಿಯಿತು. ಅದೇ ಸೆಪ್ಟೆಂಬರ್‌ನಲ್ಲಿ ಸರ್ಕಾರ ವಿದೇಶಿ ಏರ್‌ಲೈನ್‌ಗಳಿಗೆ ಶೇ. 49ರವರೆಗೆ ಪಾಲು ಕೊಳ್ಳಲು ಒಪ್ಪಿಗೆ ಕೊಟ್ಟಿತ್ತು. ಆದರೂ ಮರುವರ್ಷ ಅಬುಧಾಬಿಯ ಎತಿಹಾದ್ ಏರ್‌ಲೈನ್ ದುಡ್ಡು ಹಾಕಿದ್ದು ಜೆಟ್ ಏರ್‌ವೇಸ್‌ಗೆ. ಕಿಂಗ್‌ಫಿಷರ್‌ನಲ್ಲಿ ಕೊಳ್ಳಲು ಏನು ಉಳಿದಿತ್ತು ಹೇಳಿ? ಎಷ್ಟೋ ವಿಮಾನಗಳು ಲೀಸಿನವು, ಅವನ್ನು ಕೊಟ್ಟವರೇ ವಾಪಸ್ ತೆಗೆದುಕೊಂಡರು. ಸಾಲ ಕುತ್ತಿಗೆ ಮಟ್ಟಕ್ಕೆ ಬಂದಿತ್ತು. ಸಾಲವನ್ನು ಒಂದು ಕಡೆ ಇಟ್ಟು, ಕೆಲಸ ನಿಲ್ಲದ ಹಾಗೆ ನೋಡಿಕೊಂಡು, ಗಡುವಿನೊಳಗೆ ಹೊಸಬರಿಗೆ ಒಪ್ಪಿಸುವ ದಿವಾಳಿ ಕಾನೂನು ನಮ್ಮಲ್ಲಿ ಬಂದದ್ದು 2016ರಲ್ಲಿ. ಅದು ಬಂದ ಮೇಲೂ ಎಲ್ಲರೂ ಉಳಿಯುತ್ತಾರೆ ಅಂತಲ್ಲ. ಜೆಟ್ ಏರ್‌ವೇಸ್ ಕಥೆ ವರ್ಷಗಟ್ಟಲೆ ಎಳೆದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮುಚ್ಚಲು ಹೇಳಿತು.

ಈಗ ಸಿಲ್ವರ್‌ಸ್ಟೋನ್ ಕಡೆ ನೋಡಿ. 2018ರ ಜುಲೈ 27, ಹಂಗೆರಿ ರೇಸಿನ ವಾರಾಂತ್ಯ. ಲಂಡನ್ ಕೋರ್ಟು ಟೀಮನ್ನು ಆಡಳಿತಗಾರರ, ಅಂದರೆ ಸಾಲಕ್ಕೆ ಸಿಕ್ಕ ಕಂಪನಿಯನ್ನು ನೋಡಿಕೊಳ್ಳಲು ನೇಮಕವಾದವರ, ಕೈಗೆ ಕೊಟ್ಟಿತು. ಕೋರ್ಟಿಗೆ ಹೋದವರು ಯಾರು ಗೊತ್ತಾ? ಟೀಮಿನದೇ ಡ್ರೈವರ್ ಸೆರ್ಜಿಯೋ ಪೆರೆಜ್. ಅವರಿಗೂ ಸಂಬಳ ಬಾಕಿ ಇತ್ತು. ಬೇರೆ ಸಾಲ ಕೊಟ್ಟವರು ಕಂಪನಿಯನ್ನೇ ಮುಚ್ಚಿಸಲು ಅರ್ಜಿ ಹಾಕಿದ್ದರು. ಅದಕ್ಕೆ ಮೊದಲು ಆಡಳಿತಗಾರರು ಬಂದರೆ ಮಾತ್ರ ಟೀಮ್ ಉಳಿಯುತ್ತದೆ ಎಂದು ಒಳಗಿನವರೇ ಹೇಳಿದ್ದಕ್ಕೆ ಪೆರೆಜ್ ಮುಂದೆ ಬಂದರು. ಇಂಜಿನ್ ಕೊಡುವ ಮರ್ಸಿಡಿಸ್, ಸ್ಪಾನ್ಸರ್ ಬಿಡಬ್ಲ್ಯೂಟಿ ಜೊತೆಗೆ ನಿಂತವು. ಟೀಮ್ ದಿವಾಳಿ ಅಂತ ಸುದ್ದಿ ಬಂದ ಮೇಲೂ ಆ ಭಾನುವಾರ ಹುಡುಗರು ಕಾರನ್ನು ರೇಸ್ ಶುರುವಾಗುವ ಗೆರೆಗೆ ತಂದರು. ಆಗಸ್ಟ್ 7ಕ್ಕೆ ಕೊಳ್ಳುವವರ ಹೆಸರು ಹೊರಬಿತ್ತು. 405 ಜನರ ಕೆಲಸ ಉಳಿಯಿತು. ಆ 405 ನನಗೆ ಬಾಯಿಪಾಠ. ರೇಸ್ ಗೆಲುವುಗಳ ಲೆಕ್ಕಕ್ಕಿಂತ ಇದು ಜಾಸ್ತಿ ನೆನಪಿರುತ್ತದೆ.

ಹಾಗಂತ ಎಲ್ಲ ಸಲೀಸಾಗಿ ಆಗಲಿಲ್ಲ. ಷೇರುಗಳನ್ನು ಕೊಳ್ಳಲು ಭಾರತದ ಬ್ಯಾಂಕುಗಳ ಒಪ್ಪಿಗೆ ಬೇಕಿತ್ತು, ಅದು ಸಮಯಕ್ಕೆ ಸಿಗಲಿಲ್ಲ. ಹಾಗಾಗಿ ಫ್ಯಾಕ್ಟರಿ, ಕಾರು, ಜನ ಎಲ್ಲವನ್ನೂ ಹೊಸ ಕಂಪನಿಗೆ ತೆಗೆದುಕೊಂಡರು. ಹಳೆಯ ಕಂಪನಿಯ 59 ಪಾಯಿಂಟ್ ಹೋಯಿತು. ಆಗಸ್ಟ್ ಕೊನೆಗೆ ಸ್ಪಾದಲ್ಲಿ ಸೊನ್ನೆಯಿಂದ ಶುರು. ಆ ಶನಿವಾರ, ರೇಸಿನಲ್ಲಿ ಯಾರು ಎಲ್ಲಿಂದ ಶುರು ಮಾಡಬೇಕು ಅಂತ ತೀರ್ಮಾನಿಸುವ ಓಟದಲ್ಲಿ, ಮಳೆಯಲ್ಲಿ ಟೀಮಿನ ಇನ್ನೊಬ್ಬ ಡ್ರೈವರ್ ಎಸ್ಟೆಬಾನ್ ಓಕಾನ್ ಮೂರನೇ ಜಾಗ, ಪೆರೆಜ್ ನಾಲ್ಕನೇ ಜಾಗ ಹಿಡಿದರು. ಉಳಿದ ರೇಸುಗಳಲ್ಲೇ 52 ಪಾಯಿಂಟ್ ಗಳಿಸಿ ಟೀಮ್ ಏಳನೆಯದಾಯಿತು. ಜಾಸ್ತಿ ದುಡ್ಡು ಕೊಡುತ್ತೇವೆ ಅಂದಿದ್ದ ರಷ್ಯಾದ ಉರಲ್‌ಕಾಲಿ ಕಂಪನಿ ಕೋರ್ಟಿಗೆ ಹೋಗಿ ಸೋತಿತು.

"ಮಗನಿಗೆ ಆಟಿಕೆ ಕೊಡಿಸಿದ ಅಪ್ಪ" ಅಂತ ಸ್ಟ್ರೋಲ್ ಬಗ್ಗೆ ಮಾತಾಡುತ್ತಾರೆ. ಮಗ ಲಾನ್ಸ್‌ಗೆ 2019ರಿಂದ ಸೀಟು ಸಿಕ್ಕಿದ್ದು ನಿಜ, ಅದಕ್ಕಾಗಿ ಓಕಾನ್ ಹೊರಗೆ ಹೋದದ್ದೂ ನಿಜ. ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. 2020ರಲ್ಲಿ ಪೆರೆಜ್‌ರನ್ನೂ ಕೈಬಿಟ್ಟರು, ಟೀಮನ್ನು ಉಳಿಸಿದ ಪೆರೆಜ್‌ರನ್ನೇ! ಆ ವರ್ಷ ಡಿಸೆಂಬರ್‌ನಲ್ಲಿ ಬಹ್ರೇನ್‌ನ ಸಾಖಿರ್ ರೇಸ್. ಮೊದಲ ಸುತ್ತಿನಲ್ಲಿ ಡಿಕ್ಕಿಯಾಗಿ ಎಲ್ಲರಿಗಿಂತ ಹಿಂದೆ ಬಿದ್ದ ಪೆರೆಜ್ ಗೆದ್ದೇ ಬಿಟ್ಟರು. ಎರಡನೆಯವರು ಯಾರು? ರೆನೋ ಕಾರಿನಲ್ಲಿ ಓಕಾನ್. ಮೂರನೆಯವನು ಲಾನ್ಸ್ ಸ್ಟ್ರೋಲ್. 2018ರಲ್ಲಿ ಆ ಟೀಮಿನ ಹಣೆಬರಹಕ್ಕೆ ಸಿಕ್ಕಿಕೊಂಡ ಮೂವರು ಡ್ರೈವರ್‌ಗಳು ಒಂದೇ ಪೋಡಿಯಂ ಮೇಲೆ. ಇಲ್ಲಿ ಮಧ್ಯರಾತ್ರಿ ದಾಟಿತ್ತು, ನಾನು ಕೂಗಿದ್ದಕ್ಕೆ ಮನೆಯವರೆಲ್ಲ ಎದ್ದು ಬಂದರು.

ಆದರೂ ಸ್ಟ್ರೋಲ್ ದುಡ್ಡನ್ನು ಫ್ಯಾಕ್ಟರಿಗೆ ಸುರಿದರು ಅನ್ನುವುದನ್ನು ಒಪ್ಪಲೇಬೇಕು. 2021ರಲ್ಲಿ ಟೀಮಿಗೆ ಆಸ್ಟನ್ ಮಾರ್ಟಿನ್ ಅನ್ನುವ ಹೆಸರು ಬಂತು, 2023ರಲ್ಲಿ ಹೊಸ ಕಟ್ಟಡ ತೆರೆಯಿತು, 2025ರಲ್ಲಿ ಡಿಸೈನರ್ ಏಡ್ರಿಯನ್ ನ್ಯೂಯಿ ಸೇರಿದರು. 2025ರ ಕೊನೆಯವರೆಗೆ ಆ ಹೆಸರಿನಲ್ಲಿ ಒಂದು ಗೆಲುವೂ ಬರಲಿಲ್ಲ. ಸಂಬಳ ಮಾತ್ರ ಬರುತ್ತಿದೆ.

ಬಾಯಿಮಾತಿನ ಹೂಡಿಕೆದಾರರನ್ನೂ ನೋಡಿದ್ದೇವೆ. 2013ರಲ್ಲಿ ಲೋಟಸ್ ಟೀಮಿನ ಶೇ. 35ರಷ್ಟು ಪಾಲು ಹೊಸಬರು ಕೊಳ್ಳುತ್ತಾರೆ ಎಂದು ಘೋಷಣೆಯಾಯಿತು. ದುಡ್ಡು ಬರಲೇ ಇಲ್ಲ. ಆ ವರ್ಷ ತನಗೆ ಒಂದು ಯೂರೋ ಸಂಬಳವೂ ಸಿಕ್ಕಿಲ್ಲ ಎಂದು ಅದರ ಡ್ರೈವರ್ ಕಿಮಿ ರಾಯ್ಕೊನೆನ್ ಬಹಿರಂಗವಾಗಿ ಹೇಳಿದರು. 2014ರ ಮಧ್ಯದಲ್ಲಿ ಕೇಟರ್‌ಹ್ಯಾಮ್ ಅನ್ನುವ ಇನ್ನೊಂದು ಟೀಮ್ ಹೊಸಬರ ಕೈಗೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಹಳೆಯವರೂ ಹೊಸಬರೂ ಮಾಲೀಕರು ಯಾರು ಅಂತಲೇ ಜಗಳವಾಡುತ್ತಿದ್ದರು. ಕೊನೆಯ ರೇಸಿಗೆ ಅಭಿಮಾನಿಗಳಿಂದ ಚಂದಾ ಎತ್ತಿ ಕಾರು ಓಡಿಸಿದರು. ಇನ್ನೂರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು.

ಈಗ ಪ್ರಶ್ನೆ ಸ್ವಲ್ಪ ಬದಲಾಗಿದೆ. "ಆಲ್ಪೀನ್‌ನಲ್ಲಿ ಹಾಲಿವುಡ್‌ನವರು ದುಡ್ಡು ಹಾಕಿದ್ದಾರಂತೆ, ಇನ್ನು ಆ ಟೀಮ್ ಉದ್ಧಾರ ಆಗುತ್ತೆ ಅಲ್ವಾ?" ಹೌದು, 2023ರಲ್ಲಿ ರಯಾನ್ ರೆನಾಲ್ಡ್ಸ್ ಇದ್ದ ಗುಂಪು 20 ಕೋಟಿ ಯೂರೋಗೆ ಶೇ. 24ರಷ್ಟು ಪಾಲು ಕೊಂಡಿತು. ಪೇಪರಿನ ತುಂಬ ನಟನ ಫೋಟೋ. ಮರುವರ್ಷ ಆಲ್ಪೀನ್ ಫ್ರಾನ್ಸ್‌ನ ವಿರಿ-ಶಾಟಿಯೋನ್ ಫ್ಯಾಕ್ಟರಿಯಲ್ಲಿ ಎಫ್1 ಇಂಜಿನ್ ಕಟ್ಟುವುದನ್ನು 2025ರ ನಂತರ ನಿಲ್ಲಿಸುವುದಾಗಿ ಹೇಳಿತು. ಅಲ್ಲಿನ ಕೆಲಸಗಾರರು ಇಟಲಿಯ ಮೊಂಜಾ ರೇಸಿಗೇ ಬಂದು ಪ್ರತಿಭಟಿಸಿದರು. 2025ರಲ್ಲಿ ಟೀಮ್ ಹತ್ತಕ್ಕೆ ಹತ್ತನೆಯದಾಯಿತು. ಆ ಪ್ರತಿಭಟನೆಯ ಬಗ್ಗೆ ಮಾತ್ರ ನನ್ನನ್ನು ಯಾರೂ ಕೇಳಿಲ್ಲ. ಕೇಳುವುದಾದರೆ ಬನ್ನಿ, ಅದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ.