ಉಸಿರು ಕಟ್ಟುವ ಪಂದ್ಯ

ರಜೆಯ ಒಂದು ಮಧ್ಯಾಹ್ನ ಅಕ್ಕನ ಮಕ್ಕಳಿಬ್ಬರೂ ಎದುರುಬದುರು ಕೂತು ಮೂಗು ಹಿಡಿದುಕೊಂಡಿದ್ದರು. ಯಾರು ಜಾಸ್ತಿ ಹೊತ್ತು ಉಸಿರು ಕಟ್ಟುತ್ತಾರೆ ಅನ್ನೋ ಪಂದ್ಯ. ಚಿಕ್ಕವಳ ಮುಖ ಕೆಂಪಾಯಿತು, ಕಣ್ಣು ದೊಡ್ಡದಾಯಿತು, ಕೊನೆಗೆ "ಹಾ" ಅಂತ ಬಾಯಿ ಬಿಟ್ಟಳು.

"ಚಿಕ್ಕಮ್ಮಾ, ಒಳಗೆ ಆಕ್ಸಿಜನ್ ಖಾಲಿ ಆಗ್ಹೋಯ್ತು!"

ಎಲ್ಲಿ ಖಾಲಿ? ನಮ್ಮೊಳಗೆ ಹೋಗುವ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಭಾಗ ಆಕ್ಸಿಜನ್ ಇರುತ್ತದೆ. ಮಾಮೂಲಾಗಿ ಉಸಿರು ಬಿಟ್ಟಾಗ ಹೊರಗೆ ಬರುವ ಗಾಳಿಯಲ್ಲೂ 16ರಷ್ಟು ಉಳಿದಿರುತ್ತದೆ. ಎದೆ ಒದ್ದಾಡುವುದಕ್ಕೆ ಮುಖ್ಯ ಕಾರಣ ಇನ್ನೊಂದು, ಇಂಗಾಲದ ಡೈಆಕ್ಸೈಡ್. ಉಸಿರು ಕಟ್ಟಿದರೆ ಅದು ಹೊರಗೆ ಹೋಗಲಾಗದೆ ರಕ್ತದಲ್ಲಿ ಏರುತ್ತದೆ, ಮಿದುಳಿನ ಬುಡಕ್ಕೆ ಅದು ಗೊತ್ತಾಗುತ್ತದೆ, ಆಮೇಲೆ ನೀವು ಎಷ್ಟು ಹಟ ಮಾಡಿದರೂ ಅದು ಬಾಯಿ ತೆರೆಸಿಯೇ ಬಿಡುತ್ತದೆ.

ದೊಡ್ಡವನಿಗೆ ಹತ್ತು ವರ್ಷ, ಗೆಲ್ಲುವ ಉಪಾಯ ಆಗಲೇ ಕಂಡುಹಿಡಿದಿದ್ದ. ಶುರು ಮಾಡುವ ಮುಂಚೆ ಬುಸ್ ಬುಸ್ ಅಂತ ಜೋರಾಗಿ ಉಸಿರಾಡುವುದು. "ಆಕ್ಸಿಜನ್ ತುಂಬಿಸ್ಕೊಳ್ತಾ ಇದೀನಿ" ಅಂದ. ಅಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಹಾಗೆ ಮಾಡಿದರೆ ಆಕ್ಸಿಜನ್ ಹೆಚ್ಚೇನೂ ತುಂಬುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. ಅಂದರೆ ಎಚ್ಚರಿಕೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಕ್ಸಿಜನ್ ಇಳಿದು, ಉಸಿರಾಡಬೇಕು ಅನ್ನಿಸುವ ಮುಂಚೆಯೇ ಪ್ರಜ್ಞೆ ತಪ್ಪಬಹುದು. ಈಜುವವರು ಇದನ್ನು ನೀರಿನಲ್ಲಿ ಮಾಡಿ ಪ್ರಾಣ ಕಳೆದುಕೊಂಡದ್ದಿದೆ, ಚೆನ್ನಾಗಿ ಈಜು ಬರುವವರು ಕೂಡ.

"ಸೋಫಾ ಮೇಲೆ ಮಾಡಬಹುದಾ?"

"ತಲೆ ಸುತ್ತುತ್ತೆ, ಬೇಡ."

ಪಂದ್ಯ ರದ್ದಾಯಿತು. ಚಿಕ್ಕವಳು ಮಲಗಿ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, ಗಾಳಿ ಹೊಟ್ಟೆಗೇ ಹೋಗುತ್ತೆ ಅಂತ ವಾದ ಶುರು ಮಾಡಿದಳು. ಉಬ್ಬುತ್ತಿರುವುದು ಹೊಟ್ಟೆಯೇ ಅಲ್ವಾ, ಅವಳ ಪ್ರಕಾರ ಅದಕ್ಕಿಂತ ಸಾಕ್ಷಿ ಬೇಕಾ! ಒಂದು ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಒಳಗೆ ಒಂದು ಬಲೂನು ಇಳಿಬಿಟ್ಟು, ಅದರ ಬಾಯನ್ನು ಬಾಟಲಿಯ ಬಾಯಿಗೆ ಮಡಚಿ ಹಾಕಿದೆ. ತಳಕ್ಕೆ ಇನ್ನೊಂದು ಬಲೂನಿನ ತುಂಡನ್ನು ಬಿಗಿಯಾಗಿ ಕಟ್ಟಿದೆವು. ತಳದ ರಬ್ಬರನ್ನು ಕೆಳಗೆ ಎಳೆದರೆ ಒಳಗಿನ ಬಲೂನು ತಾನಾಗಿ ಉಬ್ಬುತ್ತದೆ. ಯಾರೂ ಊದಬೇಕಿಲ್ಲ.

ನಮ್ಮೊಳಗೂ ಹೆಚ್ಚು ಕಡಿಮೆ ಇದೇ. ಶ್ವಾಸಕೋಶಕ್ಕೆ ತನ್ನಷ್ಟಕ್ಕೆ ಉಬ್ಬುವ ಶಕ್ತಿ ಇಲ್ಲ. ಅದರ ಕೆಳಗೆ ಗುಮ್ಮಟದ ಆಕಾರದ ಒಂದು ಸ್ನಾಯು ಇದೆ, ವಪೆ ಅಂತಾರೆ. ಅದು ಬಿಗಿಯಾಗಿ ಕೆಳಗೆ ಇಳಿಯುತ್ತದೆ, ಪಕ್ಕೆಲುಬು ಮೇಲೇಳುತ್ತವೆ, ಎದೆಯೊಳಗೆ ಜಾಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ವಪೆ ಇಳಿದಾಗ ಕೆಳಗಿನ ಜಠರ, ಕರುಳು ಒತ್ತಿಕೊಂಡು ಮುಂದೆ ಬರುತ್ತವೆ. ಹೊಟ್ಟೆ ಉಬ್ಬುವುದು ಅದಕ್ಕೆ.

ಬಲೂನು ತೋರಿಸಿದರೆ ಒಂದು ತೊಂದರೆ ಇದೆ, ಶ್ವಾಸಕೋಶ ಖಾಲಿ ಚೀಲ ಅಂತ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ನಿಜವಾಗಿ ಅದು ಸ್ಪಂಜಿನ ಹಾಗೆ. ಒಳಗೆ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳು. ಅವುಗಳ ತೆಳ್ಳನೆಯ ಗೋಡೆಯ ಮೂಲಕವೇ ಆಕ್ಸಿಜನ್ ರಕ್ತಕ್ಕೆ ಸೇರುವುದು, ಇಂಗಾಲದ ಡೈಆಕ್ಸೈಡ್ ಆಚೆ ಬರುವುದು.

ಇದನ್ನೆಲ್ಲ ಚಿಕ್ಕವಳು ಕೇಳಿಸಿಕೊಂಡಳೋ ಇಲ್ಲವೋ. "ನಮಗೆ ಎರಡು ಇದೆ, ಇಲ್ಲಿ ಒಂದೇ ಇದೆ" ಅಂತ ಹಿಡಿದಳು. ಒಂದು ಬಾಯಿಗೆ ಎರಡು ಬಲೂನು ಹೇಗೆ? ಅಣ್ಣ ಸ್ಟ್ರಾ ತಂದು, ಕೆಳಗೆ ಎರಡು ಕವಲು ಬರುವ ಹಾಗೆ ಟೇಪ್ ಸುತ್ತಿ, ಮುಚ್ಚಳಕ್ಕೆ ತೂತು ಮಾಡಿ ತೂರಿಸಿದ. ಶ್ವಾಸನಾಳವೂ ಎದೆಯೊಳಗೆ ಹೀಗೇ ಕವಲೊಡೆಯುತ್ತದೆ. ಎಡಕ್ಕೆ ಸಣ್ಣ ಬಲೂನು ಹಾಕಿ ಅಂದೆ, ಹೃದಯ ಆ ಕಡೆ ವಾಲಿರುವುದರಿಂದ ಎಡ ಶ್ವಾಸಕೋಶ ಸ್ವಲ್ಪ ಚಿಕ್ಕದು.

ರಬ್ಬರ್ ಎಳೆದರೆ ಎರಡೂ ಉಬ್ಬಲಿಲ್ಲ. ಮುಚ್ಚಳದ ತೂತಿನ ಸುತ್ತ ಸಂದು ಉಳಿದಿತ್ತು, ಗಾಳಿ ಅಲ್ಲಿಂದ ಬಾಟಲಿಯೊಳಗೆ ಬರುತ್ತಿತ್ತು, ಬಲೂನಿಗೆ ಹೋಗುತ್ತಿರಲಿಲ್ಲ. ಎದೆಗೆ ಆಳವಾದ ಗಾಯವಾಗಿ ತೂತು ಬಿದ್ದರೂ ಹೀಗೇ, ಶ್ವಾಸಕೋಶದ ಸುತ್ತ ಗಾಳಿ ಸೇರಿ ಅದು ಮುದುಡಿಕೊಳ್ಳುತ್ತದೆ, ಡಾಕ್ಟರು ಕೊಳವೆ ಹಾಕಿ ಆ ಗಾಳಿ ತೆಗೆಯುತ್ತಾರೆ. ನಾವು ಸಂದಿಗೆ ಜೇಡಿಮಣ್ಣು ಮೆತ್ತಿದೆವು. ಆಗ ಬಲಗಡೆಯದು ಸ್ವಲ್ಪ ಉಬ್ಬಿತು. ಎಡಗಡೆಯದು ಕದಲಲೇ ಇಲ್ಲ, ಅದರ ಸ್ಟ್ರಾ ಮಡಚಿಹೋಗಿತ್ತು.